ಎದೆಯ ಮೇಲಿನ ಪಹಣಿ: ಆಸ್ಟ್ರೇಲಿಯಾದ ಜೆರ್ಸಿಗಳಲ್ಲಿ ಮೂಲನಿವಾಸಿ ಕಲೆ

2020ರ ಡಿಸೆಂಬರ್ 4ರಂದು ಕ್ಯಾನ್‌ಬೆರಾದ ಮನುಕಾ ಓವಲ್‌ನಲ್ಲಿ ಭಾರತ ಮತ್ತು ಆಸ್ಟ್ರೇಲಿಯಾ ನಡುವಿನ ಟಿ20 ಸರಣಿಯ ಮೊದಲ ಪಂದ್ಯ ನಡೆಯಿತು. ಕರ್ನಾಟಕದ ಕೆ.ಎಲ್. ರಾಹುಲ್ 51 ರನ್ ಹೊಡೆದದ್ದು ಮತ್ತು ತಲೆಗೆ ಪೆಟ್ಟು ಬಿದ್ದ ರವೀಂದ್ರ ಜಡೇಜ ಅವರ ಬದಲಿಗೆ ಬಂದ ಯಜುವೇಂದ್ರ ಚಹಲ್ ಮೂರು ವಿಕೆಟ್ ಕಿತ್ತದ್ದು ನಮ್ಮಲ್ಲಿ ಬಹಳ ದಿನ ಚರ್ಚೆಯಾಯಿತು. ಅಂದು ಆಸ್ಟ್ರೇಲಿಯಾದ ಆಟಗಾರರು ತೊಟ್ಟಿದ್ದ ಅಂಗಿಯ ಬಗ್ಗೆ ಮಾತನಾಡಿದವರು ಕಡಿಮೆ. ಎಂದಿನ ಹಳದಿ ಜೆರ್ಸಿಯ ಬದಲು ಕಡು ಬಣ್ಣದ ಅಂಗಿಯೊಂದನ್ನು ಅವರು ಹಾಕಿಕೊಂಡಿದ್ದರು. ಅದರ ಮೇಲೆ ಒಂದರೊಳಗೊಂದು ಸುತ್ತಿದ ವೃತ್ತಗಳೂ ಅವುಗಳನ್ನು ಬೆಸೆಯುವ ಬಾಗು ರೇಖೆಗಳೂ ಇದ್ದವು. ದೂರದರ್ಶನದ ಪರದೆಯಲ್ಲಿ ನೋಡಿದವರಿಗೆ ಅದು ಚೆಂದದ ಹೊಸ ಕುಸುರಿಯಂತೆ ಕಂಡಿರಬಹುದು. ಆದರೆ ಆ ಚಿತ್ರದ ಬೇರು 152 ವರ್ಷ ಹಿಂದಕ್ಕೆ ಹೋಗುತ್ತದೆ.

ಅದನ್ನು ರೂಪಿಸಿದವರು ಕೋರ್ಟ್ನಿ ಹೇಗನ್ ಮತ್ತು ವಿಕ್ಟೋರಿಯಾ ರಾಜ್ಯದ ಕಿರೇ ವುರಂಗ್ ಸಮುದಾಯದ ಆಂಟಿ ಫಿಯೋನಾ ಕ್ಲಾರ್ಕ್. (ಮೂಲನಿವಾಸಿ ಸಮುದಾಯಗಳಲ್ಲಿ 'ಆಂಟಿ', 'ಅಂಕಲ್' ಎಂಬುವು ಹಿರಿಯರಿಗೆ ಗೌರವದಿಂದ ಸಲ್ಲುವ ಪದವಿಗಳು; ಪಕ್ಕದ ಮನೆಯ ಹೆಂಗಸನ್ನೆಲ್ಲ ಆಂಟಿ ಎಂದು ಕರೆಯುವ ನಮ್ಮ ಊರುಗಳ ರೂಢಿಗಿಂತ ಅದರ ತೂಕ ಹೆಚ್ಚು.) ಕ್ಲಾರ್ಕ್ 2016ರಲ್ಲಿ 'ವಾಕ್‌ಅಬೌಟ್ ವಿಕೆಟ್ಸ್' ಎಂಬ ಚಿತ್ರ ಬರೆದಿದ್ದರು. 1868ರಲ್ಲಿ ಇಂಗ್ಲೆಂಡ್ ಪ್ರವಾಸ ಕೈಗೊಂಡ ಮೂಲನಿವಾಸಿ ಕ್ರಿಕೆಟ್ ತಂಡದ ನೆನಪಿಗೆ ಬರೆದ ಚಿತ್ರವದು. ಆ ತಂಡದಲ್ಲಿದ್ದ, ಬಿಳಿಯರು 'ಮಸ್ಕಿಟೊ' ಎಂದು ಹೆಸರಿಟ್ಟಿದ್ದ ಗ್ರೊಂಗರಾಂಗ್ ಎಂಬಾತನ ಗಿರಿಮೊಮ್ಮಗಳು ಆಕೆ. ಆಸ್ಟ್ರೇಲಿಯಾದಿಂದ ಹೊರದೇಶಕ್ಕೆ ಆಡಲು ಹೋದ ಮೊತ್ತಮೊದಲ ಕ್ರೀಡಾ ತಂಡ ಅದು. 47 ಪಂದ್ಯ ಆಡಿ 14 ಗೆದ್ದಿತು, 14 ಸೋತಿತು, 19 ಡ್ರಾ ಮಾಡಿಕೊಂಡಿತು. ಆಟ ಮುಗಿದ ಮೇಲೆ ಇದೇ ಆಟಗಾರರು ಬೂಮರಾಂಗ್ ಎಸೆದು, ಈಟಿ ಬೀಸಿ ಜನರನ್ನು ರಂಜಿಸಬೇಕಿತ್ತು. ಡಿಕ್-ಎ-ಡಿಕ್ ಎಂದು ಕರೆಸಿಕೊಳ್ಳುತ್ತಿದ್ದವನು ಮೈಮೇಲೆ ಬರುವ ಚೆಂಡುಗಳನ್ನು ಕಿರಿದಾದ ಗುರಾಣಿಯೊಂದರಿಂದ ತಡೆದು ತೋರಿಸುತ್ತಿದ್ದ. ಇವರಲ್ಲಿ 'ಕಿಂಗ್ ಕೋಲ್' ಎಂಬ ಆಟಗಾರ ಕ್ಷಯರೋಗದಿಂದ ಲಂಡನ್ನಿನಲ್ಲೇ ತೀರಿಕೊಂಡ. ಪ್ರೇಕ್ಷಕರಿಗೆ ಯಾರು ಯಾರೆಂದು ತಿಳಿಯಲೆಂದು ಒಬ್ಬೊಬ್ಬ ಆಟಗಾರನಿಗೂ ಬೇರೆ ಬೇರೆ ಬಣ್ಣದ ಗುರುತು ತೊಡಿಸಿದ್ದರು. ಆ ಬಣ್ಣಗಳನ್ನು ಆರಿಸಿದವರು ಆಟಗಾರರಲ್ಲ. ಮರುವರ್ಷವೇ ವಿಕ್ಟೋರಿಯಾದಲ್ಲಿ ಮೂಲನಿವಾಸಿಗಳ 'ರಕ್ಷಣೆ'ಯ ಹೆಸರಿನ ಕಾಯ್ದೆ ಬಂದು, ಅವರು ಎಲ್ಲಿರಬೇಕು, ಎಲ್ಲಿ ದುಡಿಯಬೇಕು ಎಂಬುದನ್ನೆಲ್ಲ ಸರ್ಕಾರಿ ಮಂಡಳಿಯೇ ನಿರ್ಧರಿಸತೊಡಗಿತು. ಅಲ್ಲಿಗೆ ಅಂಥ ಪ್ರವಾಸಗಳ ಕಥೆ ಮುಗಿಯಿತು.

1868ರಲ್ಲಿ ಬಣ್ಣವನ್ನು ಬೇರೆಯವರು ತೊಡಿಸಿದರು. 2020ರಲ್ಲಿ ಗಿರಿಮೊಮ್ಮಗಳು ತಾನೇ ಬರೆದು ರಾಷ್ಟ್ರೀಯ ತಂಡಕ್ಕೆ ತೊಡಿಸಿದಳು. ಆಸ್ಟ್ರೇಲಿಯಾದ ಆಟದಂಗಿಗಳ ಮೇಲೆ ಕಳೆದ ಒಂದೂವರೆ ದಶಕದಲ್ಲಿ ಮೂಡಿರುವ ಮೂಲನಿವಾಸಿ ಚಿತ್ರಗಳ ವಿಷಯದಲ್ಲಿ ಎದ್ದಿರುವ ಹೆಚ್ಚಿನ ತಕರಾರುಗಳು ಈ ಒಂದು ವ್ಯತ್ಯಾಸದ ಸುತ್ತಲೇ ತಿರುಗುತ್ತವೆ. ಚಿತ್ರ ಯಾರದು, ಅದನ್ನು ಬರೆಯುವ ಅಧಿಕಾರ ಯಾರಿಗಿದೆ, ಅದರಿಂದ ಬಂದ ಹಣ ಯಾರ ಕೈಸೇರುತ್ತದೆ ಮತ್ತು ಅದರ ಪಕ್ಕದಲ್ಲಿ ಇನ್ನೇನು ಅಚ್ಚಾಗುತ್ತದೆ ಎಂಬುವೇ ಇಲ್ಲಿನ ಪ್ರಶ್ನೆಗಳು.

ಮೊದಲು ಚಿತ್ರದ ಭಾಷೆಯನ್ನು ನೋಡಬೇಕು. ಮಧ್ಯ ಆಸ್ಟ್ರೇಲಿಯಾದ ಮರುಭೂಮಿಯ ಸಮುದಾಯಗಳಲ್ಲಿ ಒಂದರೊಳಗೊಂದು ಇರುವ ವೃತ್ತಗಳು ನೀರಿನ ಹೊಂಡವನ್ನೋ ಬಿಡಾರವನ್ನೋ ಜನ ಕೂಡುವ ಜಾಗವನ್ನೋ ಸೂಚಿಸುತ್ತವೆ. ಕುದುರೆ ಲಾಳದಂಥ ಗೆರೆ ನೆಲದಲ್ಲಿ ಕುಳಿತ ಮನುಷ್ಯನ ಗುರುತು. ಕುಳಿತವನು ಎದ್ದುಹೋದ ಮೇಲೆ ಮರಳಿನಲ್ಲಿ ಉಳಿಯುವ ಅಚ್ಚು ಅದು. ಮೂರು ಬೆರಳಿನ ಬಾಣದಂಥ ಗುರುತು ಎಮು ಹಕ್ಕಿಯ ಹೆಜ್ಜೆ. ವೃತ್ತದಿಂದ ವೃತ್ತಕ್ಕೆ ಎಳೆದ ಗೆರೆಗಳು ಪೂರ್ವಜರು ನಡೆದ ದಾರಿಗಳು. ಅಂದರೆ ಮೇಲಿನಿಂದ ನೋಡಿ ಬರೆದ ನೆಲದ ನಕ್ಷೆ ಇದು. ಒಂದೇ ವೃತ್ತ ಒಂದು ಕಥೆಯಲ್ಲಿ ಹೊಂಡವಾದರೆ ಇನ್ನೊಂದರಲ್ಲಿ ಬೆಂಕಿಯ ಗೂಡಾಗಬಹುದು. ಕಥೆ ಬಲ್ಲವನು ಹೇಳಿದರೆ ಮಾತ್ರ ಅರ್ಥ ಖಚಿತವಾಗುತ್ತದೆ.

ಇಂದು ಜಗತ್ತೆಲ್ಲ 'ಆಸ್ಟ್ರೇಲಿಯಾದ ಚುಕ್ಕಿ ಚಿತ್ರ' ಎಂದು ಗುರುತಿಸುವ ಶೈಲಿ 1971ರಲ್ಲಿ ಆಲಿಸ್ ಸ್ಪ್ರಿಂಗ್ಸ್‌ನ ವಾಯವ್ಯಕ್ಕಿರುವ ಪಪುನ್ಯ ಎಂಬ ಸರ್ಕಾರಿ ನೆಲೆಯಲ್ಲಿ ಬೆಳೆಯಲಾರಂಭಿಸಿತು. ಅಲ್ಲಿನ ಹಿರಿಯರು ಮರಳಿನ ಮೇಲೆ, ಮೈಮೇಲೆ ಬರೆಯುತ್ತಿದ್ದ ವಿಧಿಯ ಚಿತ್ರಗಳನ್ನು ಹಲಗೆಗೆ ತಂದರು. ಕಂಡವರೆಲ್ಲ ನೋಡಬಾರದ ಗುರುತುಗಳು ಹೀಗೆ ಪೇಟೆಗೆ ಹೋಗುವುದು ಸರಿಯಲ್ಲವೆಂದು ನೆರೆಯ ಸಮುದಾಯಗಳು ಆಕ್ಷೇಪಿಸಿದವು. ಆ ಬಳಿಕ ಹಲಗೆಗಳ ತುಂಬ ಚುಕ್ಕಿಗಳು ದಟ್ಟವಾದವು. ಪವಿತ್ರ ಗುರುತುಗಳನ್ನು ಹೊರಗಿನವರ ಕಣ್ಣಿನಿಂದ ಮರೆಮಾಡಲು ಚುಕ್ಕಿಗಳ ಪರದೆ ಎಳೆದರೆಂಬುದು ಸಾಮಾನ್ಯವಾಗಿ ಕೊಡುವ ವಿವರಣೆ. ತೋರಿಸಲೆಂದು ಇಟ್ಟದ್ದೆಂದು ನಾವು ತಿಳಿದ ಚುಕ್ಕಿ ಮುಚ್ಚಿಡಲು ಇಟ್ಟದ್ದೂ ಆಗಿತ್ತು.

ಉತ್ತರದ ಆರ್ನ್‌ಹೆಮ್ ಲ್ಯಾಂಡ್‌ನಲ್ಲಿ ಚುಕ್ಕಿಯ ಬದಲು ರಾರ್ಕ್ ಎಂಬ ಎಳೆಎಳೆಯಾದ ಅಡ್ಡಗೆರೆಗಳ ಹೆಣಿಗೆ ಇದೆ. ಮೆಲ್ಬರ್ನ್ ಸುತ್ತಲಿನ ಆಗ್ನೇಯ ಭಾಗದಲ್ಲಿ ಗುರಾಣಿಗಳ ಮೇಲೆ, ಪಾಸಮ್ ಎಂಬ ಪ್ರಾಣಿಯ ತೊಗಲಿನಿಂದ ಹೊಲಿದ ನಿಲುವಂಗಿಗಳ ಒಳಮೈ ಮೇಲೆ ವಜ್ರಾಕೃತಿಗಳನ್ನೂ ಅಂಕುಡೊಂಕು ಗೆರೆಗಳನ್ನೂ ಕೊರೆಯುತ್ತಿದ್ದರು. ಬಿಳಿಯರು ಬರುವ ಮೊದಲು 250ಕ್ಕೂ ಹೆಚ್ಚು ಭಾಷೆಗಳಿದ್ದ ಖಂಡದಲ್ಲಿ ಚಿತ್ರದ ಭಾಷೆ ಮಾತ್ರ ಒಂದೇ ಇರಲು ಸಾಧ್ಯವಿಲ್ಲ. ಆದರೂ ಆರಂಭದ ಜೆರ್ಸಿಗಳಲ್ಲಿ ಯಾವ ಊರಿನ ತಂಡವಾದರೂ ಚುಕ್ಕಿ ಹಾಕಿದರೆ ಮುಗಿಯಿತೆಂಬ ಧೋರಣೆ ಸಾಕಷ್ಟಿತ್ತು. ಬಡಗುತಿಟ್ಟಿನ ಮುಂಡಾಸನ್ನು ತೆಂಕುತಿಟ್ಟಿನ ವೇಷಕ್ಕೆ ಇಟ್ಟು ರಂಗಕ್ಕೆ ಬಿಟ್ಟರೆ ಕರಾವಳಿಯ ಪ್ರೇಕ್ಷಕ ಹೇಗೆ ಹುಬ್ಬು ಗಂಟಿಕ್ಕುತ್ತಾನೋ ಹಾಗೆಯೇ ಬಲ್ಲವರಿಗೆ ಅದು ಕಣ್ಣಿಗೆ ಹೊಡೆಯುತ್ತಿತ್ತು. ಅಂದಮಾತ್ರಕ್ಕೆ ದಕ್ಷಿಣದ ಕಲಾವಿದರು ಚುಕ್ಕಿ ಇಡಲೇಬಾರದೆಂದು ಹೊರಗಿನವರು ತೀರ್ಪು ಕೊಡುವುದು ಇನ್ನೊಂದು ಬಗೆಯ ಅಧಿಕಪ್ರಸಂಗ. ಒತ್ತಾಯದಿಂದ ಊರು, ಭಾಷೆ, ತಾಯ್ತಂದೆಯರಿಂದ ಬೇರ್ಪಟ್ಟ ಸಮುದಾಯಗಳು ಉಳಿದದ್ದನ್ನೂ ಎರವಲು ಪಡೆದದ್ದನ್ನೂ ಕೂಡಿಸಿಕೊಂಡೇ ತಮ್ಮ ಕಲೆಯನ್ನು ಮತ್ತೆ ಕಟ್ಟಿಕೊಳ್ಳುತ್ತಿವೆ. ಎಲ್ಲಿ ಗೆರೆ ಎಳೆಯಬೇಕೆಂಬುದು ಆ ಸಮುದಾಯಗಳ ಹಿರಿಯರಿಗೆ ಬಿಟ್ಟ ಮಾತು.

ಚಿತ್ರ ಬರೆಯುವುದಕ್ಕೆ ಇಷ್ಟೆಲ್ಲ ಅಪ್ಪಣೆ ಯಾಕೆ ಬೇಕು ಎಂದು ಕೇಳಬಹುದು. ನಮ್ಮ ಕಡೆಯ ಮಾತಿನಲ್ಲಿ ಹೇಳುವುದಾದರೆ ಆ ಚಿತ್ರಗಳು ಪಹಣಿ ಇದ್ದ ಹಾಗೆ. ಯಾವ ನೆಲ ಯಾವ ಕುಲದ್ದು, ಅದರ ಚಕ್ಕುಬಂದಿ ಏನು, ಆ ಹೊಂಡ ಹುಟ್ಟಿದ್ದು ಯಾವ ಪೂರ್ವಜರ ದೆಸೆಯಿಂದ ಎಂಬುದೆಲ್ಲ ವಿನ್ಯಾಸದಲ್ಲಿ ಅಡಕವಾಗಿರುತ್ತದೆ. ಹೋಲಿಕೆ ನನ್ನದಾದರೂ ಇದಕ್ಕೆ ದಾಖಲೆಯ ಆಧಾರವುಂಟು. ತಮ್ಮ ನೆಲವನ್ನು ಸರ್ಕಾರ ಬಾಕ್ಸೈಟ್ ಗಣಿಗಾರಿಕೆಗೆ ಬಿಟ್ಟುಕೊಟ್ಟಾಗ ಆರ್ನ್‌ಹೆಮ್ ಲ್ಯಾಂಡ್‌ನ ಯಿರ್ಕಲದ ಯೋಲ್ಂಗು ಜನರು 1963ರಲ್ಲಿ ಸಂಸತ್ತಿಗೆ ಸಲ್ಲಿಸಿದ ಮನವಿ ಮರದ ತೊಗಟೆಯ ಮೇಲಿತ್ತು. ನಡುವೆ ಅವರ ಭಾಷೆಯಲ್ಲೂ ಇಂಗ್ಲಿಷಿನಲ್ಲೂ ಬೆರಳಚ್ಚು ಮಾಡಿದ ಕಾಗದವಿದ್ದರೆ, ಸುತ್ತಲೂ ಕುಲಗಳ ಚಿತ್ರಗಳಿದ್ದವು. ಸಂಸತ್ತಿಗೆ ಆ ಚಿತ್ರಗಳು ಅಂಚಿನ ಅಲಂಕಾರ. ಬರೆದವರಿಗೆ ಅವೇ ಹಕ್ಕುಪತ್ರ.

ಬೇರೆಯವರ ಪಹಣಿಯನ್ನು ಅಚ್ಚು ಹಾಕಿಸಿ ಮಾರಿದರೆ ಏನಾಗುತ್ತದೆ ಎಂಬುದಕ್ಕೆ ಆಸ್ಟ್ರೇಲಿಯಾದ ನ್ಯಾಯಾಲಯಗಳಲ್ಲಿ ಸಾಕಷ್ಟು ಪ್ರಕರಣಗಳಿವೆ. 1966ರಲ್ಲಿ ಹೊರಬಂದ ಒಂದು ಡಾಲರ್ ನೋಟಿನ ಮೇಲೆ ಡೇವಿಡ್ ಮಲಾಂಗಿ ಎಂಬ ಕಲಾವಿದನ ಚಿತ್ರವನ್ನು ಅವನ ಗಮನಕ್ಕೇ ತರದೆ ಬಳಸಿದ್ದರು. ವಿಷಯ ಬಯಲಾದ ಮೇಲೆ ರಿಸರ್ವ್ ಬ್ಯಾಂಕಿನ ಗವರ್ನರ್ ಅವನಿಗೆ 1000 ಡಾಲರ್, ಒಂದು ಪದಕ ಮತ್ತು ಮೀನು ಹಿಡಿಯುವ ಸಲಕರಣೆಯ ಪೆಟ್ಟಿಗೆ ಕೊಟ್ಟು ಸಮಾಧಾನ ಹೇಳಿದರು. ಬಟ್ಟೆಯ ವಿಷಯಕ್ಕೆ ಬಂದರೆ, ಗನಲ್ಬಿಂಗು ಸಮುದಾಯದ ಜಾನ್ ಬುಲುನ್ ಬುಲುನ್ ತಮ್ಮ ಚಿತ್ರಗಳನ್ನು ಟೀ ಶರ್ಟುಗಳ ಮೇಲೆ ಅಚ್ಚು ಹಾಕಿ ಮಾರಿದವರ ವಿರುದ್ಧ ಮೊಕದ್ದಮೆ ಹೂಡಿದರು. 1989ರಲ್ಲಿ ಅದು ರಾಜಿಯಲ್ಲಿ ಮುಗಿಯಿತು. ಅವರದೇ ಇನ್ನೊಂದು ಪ್ರಕರಣದಲ್ಲಿ, ಆಮದು ಮಾಡಿದ ಅಚ್ಚುಬಟ್ಟೆಯ ವಿಚಾರವಾಗಿ, 1998ರಲ್ಲಿ ಫೆಡರಲ್ ನ್ಯಾಯಾಲಯ ಮಹತ್ವದ ಮಾತೊಂದನ್ನು ಹೇಳಿತು: ಕೃತಿಸ್ವಾಮ್ಯ ಕಲಾವಿದನೊಬ್ಬನದೇ ಆದರೂ, ಆ ಚಿತ್ರವನ್ನು ಕುಲದ ಕಟ್ಟಳೆಗೆ ವಿರುದ್ಧವಾಗಿ ಬಳಸದಂತೆ ನೋಡಿಕೊಳ್ಳುವ ಹೊಣೆ ಅವನಿಗಿದೆ. ಆದರೆ ಕುಲಕ್ಕೇ ಕೃತಿಸ್ವಾಮ್ಯವಿದೆಯೆಂದು ನ್ಯಾಯಾಲಯ ಒಪ್ಪಲಿಲ್ಲ. ಕಾನೂನಿನ ಕಣ್ಣಿಗೆ ಚಿತ್ರಕ್ಕೆ ಒಬ್ಬನೇ ಕರ್ತೃ. ಅವನು ತೀರಿಕೊಂಡ ಎಪ್ಪತ್ತು ವರ್ಷಗಳಿಗೆ ಅದು ಎಲ್ಲರ ಸೊತ್ತು. ಸಾವಿರಾರು ವರ್ಷಗಳಿಂದ ಬಂದ ಕಥೆಗೆ ಈ ಲೆಕ್ಕ ಹೊಂದುವುದಿಲ್ಲ.

ಈ ಹೊಂದದ ಲೆಕ್ಕ ಆಟದ ಮೈದಾನದಲ್ಲಿ ಬಯಲಿಗೆ ಬಂದದ್ದು ಬಾವುಟದ ಪ್ರಕರಣದಲ್ಲಿ. ಕಪ್ಪು, ಕೆಂಪು, ನಡುವೆ ಹಳದಿ ವೃತ್ತವಿರುವ ಮೂಲನಿವಾಸಿ ಬಾವುಟವನ್ನು ಲುರಿಟ್ಜ ಸಮುದಾಯದ ಹೆರಾಲ್ಡ್ ಥಾಮಸ್ ರೂಪಿಸಿದರು. 1971ರ ಜುಲೈನಲ್ಲಿ ಅಡಿಲೇಡ್‌ನಲ್ಲಿ ಅದು ಮೊದಲ ಬಾರಿ ಹಾರಿತು. ಕಪ್ಪು ಜನರನ್ನು, ಕೆಂಪು ನೆಲವನ್ನು, ಹಳದಿ ಸೂರ್ಯನನ್ನು ಸೂಚಿಸುತ್ತದೆ. 1994ರ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಗೆದ್ದ ಮೂಲನಿವಾಸಿ ಓಟಗಾರ್ತಿ ಕ್ಯಾಥಿ ಫ್ರೀಮನ್ ಇದನ್ನು ಹೊದ್ದು ಓಡಿದಾಗ ಅಧಿಕಾರಿಗಳು ಸಿಡಿಮಿಡಿಗೊಂಡಿದ್ದರು. ಮರುವರ್ಷ ಸರ್ಕಾರವೇ ಇದನ್ನು ಅಧಿಕೃತ ಬಾವುಟವೆಂದು ಘೋಷಿಸಿತು. ಬಾವುಟ ಥಾಮಸ್ ಅವರ ಕೃತಿ ಎಂದು 1997ರಲ್ಲಿ ನ್ಯಾಯಾಲಯ ತೀರ್ಮಾನಿಸಿತು. ಅದನ್ನು ಬಟ್ಟೆಗಳ ಮೇಲೆ ಬಳಸುವ ಏಕಮಾತ್ರ ಹಕ್ಕನ್ನು ಅವರು 2018ರಲ್ಲಿ ವ್ಯಾಮ್ ಕ್ಲೋದಿಂಗ್ ಎಂಬ, ಮೂಲನಿವಾಸಿಗಳದಲ್ಲದ ಸಂಸ್ಥೆಗೆ ಕೊಟ್ಟರು. 2019ರಲ್ಲಿ ಆ ಸಂಸ್ಥೆಯ ನೋಟಿಸುಗಳು ಹೊರಟವು. ಮೂಲನಿವಾಸಿಗಳೇ ನಡೆಸುತ್ತಿದ್ದ ಸಣ್ಣ ಉಡುಪು ವ್ಯಾಪಾರಗಳಿಗೂ ಜೆರ್ಸಿಗಳ ಮೇಲೆ ಬಾವುಟ ಬಳಸಿದ್ದಕ್ಕಾಗಿ ಎಎಫ್‌ಎಲ್ ಎಂಬ ಆಸ್ಟ್ರೇಲಿಯಾ ಶೈಲಿಯ ಫುಟ್‌ಬಾಲ್ ಲೀಗಿಗೂ ಎನ್‌ಆರ್‌ಎಲ್ ಎಂಬ ರಗ್ಬಿ ಲೀಗಿಗೂ ಅವು ತಲುಪಿದವು. 'ಬಾವುಟವನ್ನು ಬಿಡಿಸಿ' ಎಂಬ ಚಳವಳಿಯೇ ಎದ್ದಿತು.

ಎಎಫ್‌ಎಲ್‌ನಲ್ಲಿ ವರ್ಷಕ್ಕೊಮ್ಮೆ ಸರ್ ಡಗ್ ನಿಕೋಲ್ಸ್ ಹೆಸರಿನ ಸುತ್ತು ನಡೆಯುತ್ತದೆ. ಎಲ್ಲ 18 ತಂಡಗಳೂ ಆಗ ಮೂಲನಿವಾಸಿ ಕಲಾವಿದರ ಚಿತ್ರವಿರುವ ಗರ್ನ್ಸಿ ತೊಡುತ್ತವೆ. (ತೋಳಿಲ್ಲದ ಆ ಅಂಗಿಯನ್ನು ಅಲ್ಲಿ ಹಾಗೆ ಕರೆಯುತ್ತಾರೆ.) ಆ ಹೆಸರಿಗೂ ಒಂದು ಹಿನ್ನೆಲೆಯಿದೆ. 1920ರ ದಶಕದಲ್ಲಿ ಕಾರ್ಲ್‌ಟನ್ ತಂಡ ಸೇರಲು ಹೋದ ಮೂಲನಿವಾಸಿ ಆಟಗಾರ ನಿಕೋಲ್ಸ್ ಅವರನ್ನು ಮೈವಾಸನೆಯ ನೆಪ ಹೇಳಿ ಹೊರಗಿಟ್ಟಿದ್ದರು. ಮುಂದೆ ಅವರೇ ದಕ್ಷಿಣ ಆಸ್ಟ್ರೇಲಿಯಾದ ಗವರ್ನರ್ ಆದರು. 2020ರ ಸುತ್ತಿನಲ್ಲಿ ಎಎಫ್‌ಎಲ್ ಹಣ ತೆತ್ತು ಬಾವುಟ ಬಳಸಲು ಒಪ್ಪಲಿಲ್ಲ. ಅಂಗಿಗಳ ಮೇಲೂ ಮೈದಾನದ ಮೇಲೂ ಬಾವುಟ ಇರಲಿಲ್ಲ. ಪ್ರೇಕ್ಷಕರೇ ತಮ್ಮ ತಮ್ಮ ಮನೆಯಿಂದ ಬಾವುಟ ತರಬೇಕೆಂದು ಕೇಳಿಕೊಳ್ಳಲಾಯಿತು. ಕೊನೆಗೆ 2022ರ ಜನವರಿಯಲ್ಲಿ ಆಸ್ಟ್ರೇಲಿಯಾ ಸರ್ಕಾರ 2 ಕೋಟಿ ಡಾಲರಿಗೂ ಸ್ವಲ್ಪ ಹೆಚ್ಚು ಹಣ ಕೊಟ್ಟು ಕೃತಿಸ್ವಾಮ್ಯವನ್ನು ಕೊಂಡು ಎಲ್ಲರ ಬಳಕೆಗೆ ಬಿಟ್ಟಿತು. ಥಾಮಸ್ ಅವರನ್ನು ದೂರುವುದು ಸುಲಭ, ಆದರೆ ನ್ಯಾಯವಲ್ಲ. ಮೂಲನಿವಾಸಿ ಕಲಾವಿದನೊಬ್ಬ ತನ್ನ ಕೃತಿಯ ಮೇಲಿನ ಹಕ್ಕನ್ನು ನ್ಯಾಯಾಲಯದಲ್ಲಿ ಗೆದ್ದು, ತನಗೆ ಬೇಕಾದವರೊಡನೆ ಒಪ್ಪಂದ ಮಾಡಿಕೊಂಡ ಅಪರೂಪದ ಪ್ರಸಂಗ ಅದು. ತೊಡಕು ಇದ್ದದ್ದು ಒಬ್ಬನ ಕೃತಿ ಎಂಬ ಕಾನೂನಿನ ಎಣಿಕೆಗೂ ಎಲ್ಲರ ಗುರುತು ಎಂಬ ಜನರ ಎಣಿಕೆಗೂ ನಡುವೆ.

ಅಂಗಿಯ ಮೇಲೆ ಚಿತ್ರ ಒಂಟಿಯಾಗಿರುವುದಿಲ್ಲ. ಪಕ್ಕದಲ್ಲಿ ಪ್ರಾಯೋಜಕರ ಲಾಂಛನವಿರುತ್ತದೆ. ಈ ನೆರೆಹೊರೆ ಕೆಲವೊಮ್ಮೆ ಅಸಹ್ಯವಾಗಿಬಿಡುತ್ತದೆ. 2022ರಲ್ಲಿ ಆಸ್ಟ್ರೇಲಿಯಾದ ನೆಟ್‌ಬಾಲ್ ಸಂಸ್ಥೆ ಹ್ಯಾನ್‌ಕಾಕ್ ಪ್ರಾಸ್ಪೆಕ್ಟಿಂಗ್ ಎಂಬ ಗಣಿ ಕಂಪನಿಯೊಡನೆ ಒಂದೂವರೆ ಕೋಟಿ ಡಾಲರಿನ ಒಪ್ಪಂದ ಮಾಡಿಕೊಂಡಿತು. ಆ ಕಂಪನಿಯ ಸ್ಥಾಪಕ ಲ್ಯಾಂಗ್ ಹ್ಯಾನ್‌ಕಾಕ್ 1984ರಲ್ಲಿ ದೂರದರ್ಶನದ ಸಂದರ್ಶನದಲ್ಲಿ, ಮೂಲನಿವಾಸಿಗಳ ಸಂತಾನ ನಿಲ್ಲುವಂತೆ ಕುಡಿಯುವ ನೀರಿಗೆ ಮದ್ದು ಹಾಕಬೇಕೆಂದು ಹೇಳಿದ್ದ. ನೂಂಗಾರ್ ಸಮುದಾಯದ ಆಟಗಾರ್ತಿ ಡೊನೆಲ್ ವಾಲಮ್ ರಾಷ್ಟ್ರೀಯ ತಂಡಕ್ಕೆ ಆಗಷ್ಟೇ ಆಯ್ಕೆಯಾಗಿದ್ದರು. ಆ ಲಾಂಛನವಿರುವ ಉಡುಪಿನಿಂದ ತನಗೆ ವಿನಾಯಿತಿ ಬೇಕೆಂದು ಅವರು ಕೇಳಿದರು, ಸಹ ಆಟಗಾರ್ತಿಯರು ಬೆಂಬಲಕ್ಕೆ ನಿಂತರು, ಕಂಪನಿ ಒಪ್ಪಂದದಿಂದಲೇ ಹಿಂದೆ ಸರಿಯಿತು. ಅದಾದ ಕೆಲವೇ ದಿನಗಳಲ್ಲಿ ಇಂಗ್ಲೆಂಡ್ ವಿರುದ್ಧ ತಮ್ಮ ಮೊದಲ ಪಂದ್ಯವಾಡಿದ ವಾಲಮ್ ಗೆಲುವಿನ ಗೋಲನ್ನೂ ಹಾಕಿದರು.

ಪಶ್ಚಿಮ ಆಸ್ಟ್ರೇಲಿಯಾದ ಫ್ರೀಮ್ಯಾಂಟಲ್ ಎಂಬ ಎಎಫ್‌ಎಲ್ ತಂಡದ ಸಂದರ್ಭ ಇಷ್ಟು ನೇರವಾಗಿಲ್ಲದಿದ್ದರೂ ಇನ್ನೂ ಆಳವಾದದ್ದು. ಡಗ್ ನಿಕೋಲ್ಸ್ ಸುತ್ತಿನಲ್ಲಿ ಈ ತಂಡ ನೂಂಗಾರ್ ಭಾಷೆಯ ವಾಲ್ಯಲಪ್ ಎಂಬ ಹೆಸರು ತಾಳುತ್ತದೆ. ಇದೇ ತಂಡಕ್ಕೆ 2010ರಿಂದ ಪ್ರಧಾನ ಪ್ರಾಯೋಜಕತ್ವ ಕೊಟ್ಟದ್ದು ವುಡ್‌ಸೈಡ್ ಎಂಬ ಅನಿಲ ಕಂಪನಿ. ಅದರ ಘಟಕಗಳಿರುವುದು ಅದೇ ರಾಜ್ಯದ ಉತ್ತರದ ಮುರುಜುಗದಲ್ಲಿ. ಅಲ್ಲಿನ ಕಲ್ಲುಬಂಡೆಗಳ ಮೇಲೆ ಸುಮಾರು ಹತ್ತು ಲಕ್ಷ ಕೆತ್ತನೆಗಳಿವೆ. 2025ರಲ್ಲಿ ಅದು ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಘಟಕಗಳ ಹೊಗೆಯಿಂದ ಕೆತ್ತನೆಗಳು ಸವೆಯುತ್ತವೆಯೇ ಎಂಬ ವಿವಾದ ವಿಜ್ಞಾನಿಗಳ ನಡುವೆ, ಸರ್ಕಾರದ ಮುಂದೆ ವರ್ಷಗಳಿಂದ ನಡೆದಿದೆ. ಜಗತ್ತಿನ ಅತಿ ಹಳೆಯ ಚಿತ್ರಶಾಲೆಗಳಲ್ಲೊಂದರ ಪಕ್ಕದಲ್ಲಿ ಅನಿಲ ತೆಗೆಯುವವರ ಹಣದಿಂದ ಮೂಲನಿವಾಸಿ ಚಿತ್ರದ ಅಂಗಿ ತೊಡುವ ತಂಡ ನಡೆಯುವುದನ್ನು 2022ರಲ್ಲಿ ಮಾಜಿ ಆಟಗಾರರೂ ಲೇಖಕರೂ ಬಹಿರಂಗ ಪತ್ರ ಬರೆದು ಪ್ರಶ್ನಿಸಿದರು.

ಹಾಗೆಂದು ಜೆರ್ಸಿಗಳೆಲ್ಲ ಬರಿಯ ತೋರಿಕೆ ಎಂದು ತಳ್ಳಿಹಾಕುವುದಕ್ಕೂ ನನ್ನ ಮನಸ್ಸು ಒಪ್ಪುವುದಿಲ್ಲ. 2017ರಲ್ಲಿ ಕಮಿಲರಾಯ್ ಕಲಾವಿದ ಡೆನಿಸ್ ಗೋಲ್ಡಿಂಗ್ ಆಸ್ಟ್ರೇಲಿಯಾದ ರಗ್ಬಿ ತಂಡಕ್ಕಾಗಿ ಬರೆದ ವಿನ್ಯಾಸದಲ್ಲಿ, ಅದುವರೆಗೆ ದೇಶಕ್ಕಾಗಿ ಆಡಿದ್ದ 14 ಮೂಲನಿವಾಸಿ ಆಟಗಾರರ ಗುರುತಿತ್ತು. ಟೋಕಿಯೊ ಒಲಿಂಪಿಕ್ಸ್ ಉಡುಪಿಗೆ ಬಾಕ್ಸರ್ ಪಾಲ್ ಫ್ಲೆಮಿಂಗ್ ಬರೆದ ಚಿತ್ರದಲ್ಲಿ 52 ಜೊತೆ ಹೆಜ್ಜೆಗಳಿದ್ದವು, ಮೂಲನಿವಾಸಿ ಒಲಿಂಪಿಯನ್ ಒಬ್ಬೊಬ್ಬರಿಗೆ ಒಂದೊಂದು ಜೊತೆಯಂತೆ. ಇಲ್ಲಿ ಚಿತ್ರ ಲೆಕ್ಕ ಇಡುತ್ತದೆ, ಆ ಲೆಕ್ಕ ಎಷ್ಟು ಚಿಕ್ಕದೆಂಬುದನ್ನೂ ತೋರಿಸಿಬಿಡುತ್ತದೆ. ಕ್ರಿಕೆಟ್ ಇದನ್ನು ಇನ್ನಷ್ಟು ಸ್ಪಷ್ಟವಾಗಿ ಕಲಿಸುತ್ತದೆ. 1877ರಿಂದ ಟೆಸ್ಟ್ ಆಡುತ್ತಿರುವ ದೇಶದ ಪುರುಷರ ಟೆಸ್ಟ್ ತಂಡದಲ್ಲಿ ಮೂಲನಿವಾಸಿ ಮೂಲದವರೆಂದು ಗುರುತಿಸಿಕೊಂಡವರು ಜೇಸನ್ ಗಿಲೆಸ್ಪಿ, ಸ್ಕಾಟ್ ಬೋಲಂಡ್, ಬ್ರೆಂಡನ್ ಡಾಗೆಟ್ ಎಂಬ ಮೂವರೇ. ಕ್ಯಾನ್‌ಬೆರಾದ ಆ ಟಿ20 ಪಂದ್ಯದಲ್ಲಿ ಅಂಗಿ ತೊಟ್ಟ ಹನ್ನೊಂದು ಮಂದಿಯಲ್ಲಿ ಮೂಲನಿವಾಸಿ ಮೂಲದವರು ಡಾರ್ಸಿ ಶಾರ್ಟ್.

ನಕಲಿನ ಪೇಟೆ ಇವೆಲ್ಲಕ್ಕಿಂತ ದೊಡ್ಡದು. ಮೂಲನಿವಾಸಿ ಶೈಲಿಯ ಅಗ್ಗದ ಸರಕಿಗಾಗಿ ಜನ ಖರ್ಚು ಮಾಡುವ ಹಣದಲ್ಲಿ ಅರ್ಧಕ್ಕಿಂತ ಹೆಚ್ಚು ಮೂಲನಿವಾಸಿಗಳು ಬರೆಯದ ವಸ್ತುಗಳಿಗೇ ಹೋಗುತ್ತಿದೆಯೆಂದು ಅಲ್ಲಿನ ಪ್ರೊಡಕ್ಟಿವಿಟಿ ಕಮಿಷನ್ 2022ರಲ್ಲಿ ವರದಿ ಕೊಟ್ಟಿತು. ಇದಕ್ಕಾಗಿ ಪ್ರತ್ಯೇಕ ಕಾನೂನು ತರುವುದಾಗಿ ಸರ್ಕಾರ 2023ರ ಸಾಂಸ್ಕೃತಿಕ ನೀತಿಯಲ್ಲಿ ಮಾತು ಕೊಟ್ಟಿದೆ. ಕ್ರೀಡಾ ತಂಡಗಳು ಈಗ ಸಾಮಾನ್ಯವಾಗಿ ಕಲಾವಿದರ ಹೆಸರನ್ನೂ ಚಿತ್ರದ ಕಥೆಯನ್ನೂ ಅಂಗಿಯ ಜೊತೆಗೇ ಪ್ರಕಟಿಸುತ್ತವೆ, ಅದು ಒಳ್ಳೆಯ ರೂಢಿ. ಆದರೆ ಸಂಭಾವನೆ ಒಂದೇ ಕಂತಿನದೋ ಮಾರಾಟದಲ್ಲಿ ಪಾಲೋ, ಹಿರಿಯರ ಒಪ್ಪಿಗೆ ಬೇಕೋ ಬೇಡವೋ ಎಂಬುದು ಆಯಾ ಒಪ್ಪಂದಕ್ಕೆ ಬಿಟ್ಟದ್ದು.

ಅಂಗಿಯ ಮೇಲಿನ ಪ್ರೀತಿ ಮತಪೆಟ್ಟಿಗೆಯವರೆಗೆ ಹೋಗುವುದಿಲ್ಲವೆಂಬುದೂ ಗೊತ್ತಾಗಿದೆ. ಮೂಲನಿವಾಸಿಗಳ ಮಾತಿಗೆ ಸಂವಿಧಾನದಲ್ಲಿ ಸ್ಥಾನ ಕೊಡುವ 'ವಾಯ್ಸ್' ಪ್ರಸ್ತಾವವನ್ನು ಎಎಫ್‌ಎಲ್, ಎನ್‌ಆರ್‌ಎಲ್, ಕ್ರಿಕೆಟ್ ಆಸ್ಟ್ರೇಲಿಯಾ ಎಲ್ಲವೂ ಬೆಂಬಲಿಸಿದ್ದವು. 2023ರ ಅಕ್ಟೋಬರ್ 14ರ ಜನಮತಗಣನೆಯಲ್ಲಿ ನೂರಕ್ಕೆ ಅರವತ್ತು ಮಂದಿ ಬೇಡ ಎಂದರು. ಆರು ರಾಜ್ಯಗಳಲ್ಲಿ ಒಂದೂ ಹೌದು ಎನ್ನಲಿಲ್ಲ.

1993ರ ಏಪ್ರಿಲ್ 17ರಂದು ಮೆಲ್ಬರ್ನ್‌ನ ವಿಕ್ಟೋರಿಯಾ ಪಾರ್ಕ್‌ನಲ್ಲಿ ದಿನವಿಡೀ ಬಣ್ಣದ ಬೈಗುಳ ಕೇಳಿದ ಸೇಂಟ್ ಕಿಲ್ಡ ಫುಟ್‌ಬಾಲ್ ತಂಡದ ಮೂಲನಿವಾಸಿ ಆಟಗಾರ ನಿಕಿ ವಿನ್ಮಾರ್, ಪಂದ್ಯ ಗೆದ್ದ ಮೇಲೆ ಎದುರಾಳಿ ಅಭಿಮಾನಿಗಳ ಕಡೆ ತಿರುಗಿ, ಅಂಗಿಯನ್ನು ಎತ್ತಿ ತನ್ನ ಹೊಟ್ಟೆಯ ಕಪ್ಪು ಚರ್ಮವನ್ನು ಬೆರಳಿನಿಂದ ತೋರಿಸಿದರು. ಅಂಗಿಗಳ ಮೇಲೆ ಚಿತ್ರ ಬರುವುದಕ್ಕೆ ಇನ್ನೂ ಎಷ್ಟೋ ವರ್ಷ ಬೇಕಿತ್ತು. ಇಪ್ಪತ್ತೆರಡು ವರ್ಷಗಳ ನಂತರ, 2015ರ ಮೂಲನಿವಾಸಿ ಸುತ್ತಿನಲ್ಲಿ, ಸಿಡ್ನಿ ಸ್ವಾನ್ಸ್ ತಂಡದ ಆ್ಯಡಮ್ ಗುಡ್ಸ್ ಗೋಲು ಹೊಡೆದು ಯುದ್ಧ ಕುಣಿತದ ನಾಲ್ಕು ಹೆಜ್ಜೆ ಹಾಕಿ ಇಲ್ಲದ ಈಟಿಯೊಂದನ್ನು ಎಸೆದಂತೆ ಅಭಿನಯಿಸಿದರು. ಆಗ ಅವರ ಮೈಮೇಲೆ ಇದ್ದದ್ದು ಅವರ ಸಂಸ್ಕೃತಿಯನ್ನು ಗೌರವಿಸಲೆಂದೇ ಮಾಡಿಸಿದ ಅಂಗಿ. ಅಂಗಿಯ ಮೇಲಿನ ಚಿತ್ರವನ್ನು ಸಹಿಸಿದ ಪ್ರೇಕ್ಷಕರಲ್ಲಿ ಬಹಳ ಮಂದಿ ಅದೇ ಚಿತ್ರಕ್ಕೆ ಕೈಕಾಲು ಬಂದಾಗ ಸಹಿಸಲಿಲ್ಲ. ಮೊದಲೇ ಇದ್ದ ಕೂಗಾಟ ಜೋರಾಯಿತು. ಊರಿಂದೂರಿಗೆ, ವಾರದಿಂದ ವಾರಕ್ಕೆ ಚೆಂಡು ಅವರ ಕೈಗೆ ಬಂದಾಗಲೆಲ್ಲ ಜನ ಕೂಗಿ ಅವಮಾನಿಸಿದರು. ಗುಡ್ಸ್ ರಜೆ ಹಾಕಿ ಹೋದರು. ಆಗಸ್ಟ್ 1ರಂದು ಸಿಡ್ನಿಯಲ್ಲಿ ಅವರ ತಂಡ ಅಡಿಲೇಡ್ ವಿರುದ್ಧ ಕಣಕ್ಕಿಳಿದಾಗ ಆಟಗಾರರೆಲ್ಲ ಆ ಮೂಲನಿವಾಸಿ ಅಂಗಿಯನ್ನೇ ಮತ್ತೆ ತೊಟ್ಟಿದ್ದರು. ಮೂರನೆಯ ಕ್ವಾರ್ಟರಿನ ಏಳನೆಯ ನಿಮಿಷದಲ್ಲಿ ಕ್ರೀಡಾಂಗಣ ಎದ್ದು ನಿಂತು ಚಪ್ಪಾಳೆ ತಟ್ಟಿತು. ಗುಡ್ಸ್ ಅವರ ಅಂಗಿಯ ಸಂಖ್ಯೆ 37. ಅಂದು ಮೈದಾನದಲ್ಲಿ ಆ ಸಂಖ್ಯೆಯ ಅಂಗಿ ಇರಲಿಲ್ಲ.